ಹೊಲಿಯುವ ಕೈಗೆ ತೊಡುವ ಆಸೆ

1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಸೇರಿದ ನಮ್ಮ ರಾಯದುರ್ಗ ಇವತ್ತು ಜೀನ್ಸ್ ಪ್ಯಾಂಟ್ ಹೊಲಿಯುವ ಊರು. ಮಳೆ ಕೈಕೊಟ್ಟು ಶೇಂಗಾ ಒಣಗಿದ ವರ್ಷಗಳಲ್ಲಿ ನನ್ನಂಥ ರೈತರ ಮನೆಯ ಒಲೆ ಉರಿದದ್ದು ಈ ಹೊಲಿಗೆ ಕೂಲಿಯಿಂದಲೇ. ಹೆಂಡತಿ ಮಿಷನ್ ತುಳಿಯುತ್ತಾಳೆ. ಇಂಟರ್ ಓದುವ ಮಗಳು ರಜೆಯಲ್ಲಿ ಪ್ಯಾಂಟಿನ ದಾರ ಕತ್ತರಿಸುತ್ತಾಳೆ.

"ಅಪ್ಪಾ, ಬಳ್ಳಾರಿಗೆ ಅತ್ತೆ ಮನೆಗೆ ಜೀನ್ಸ್ ಹಾಕ್ಕೊಂಡು ಬರ್ತೀನಿ" ಅಂದಳು ಮೊನ್ನೆ.

"ಬ್ಯಾಡವ್ವ, ಮಂದಿ ಏನಂತಾರೆ?"

"ಅಣ್ಣ ಹಾಕ್ಕೊಂಡ್ರೆ ಮಂದಿ ಏನೂ ಅನ್ನೋದಿಲ್ಲೇನು? ನಾನು ಹೊಲಿಯಾಕೆ ಅಡ್ಡಿಯಿಲ್ಲ, ಹಾಕ್ಕೊಳ್ಳಾಕೆ ಮಾತ್ರ ಅಡ್ಡೀನಾ?"

ನನ್ನಲ್ಲಿ ಉತ್ತರವಿರಲಿಲ್ಲ. ದನಿ ಮಾತ್ರ ಏರಿತು. ಸಿಟ್ಟು ಬಂದರೆ ಅವಳು ನನ್ನೊಡನೆ ತೆಲುಗಿನಲ್ಲೇ ಮಾತಾಡುತ್ತಾಳೆ. ಎರಡು ದಿನ ಅವಳ ಬಾಯಲ್ಲಿ ಕನ್ನಡ ಕೇಳಲಿಲ್ಲ.

ಮೂರನೆಯ ರಾತ್ರಿ ನನಗೆ 1986 ನೆನಪಾಯಿತು. ಹತ್ತನೆಯ ತರಗತಿ ಪಾಸಾದ ಖುಷಿಗೆ ಮೊದಲ ಪ್ಯಾಂಟ್ ಹೊಲಿಸಿಕೊಂಡಿದ್ದೆ. "ಪಂಚೆ ಬಿಟ್ಟವನು ನಾಳೆ ಹೊಲ ಬಿಡ್ತಾನೆ" ಎಂದು ಅಪ್ಪ ಉಣ್ಣದೆ ಮಲಗಿದ್ದರು. ನಾನು ಹೊಲ ಬಿಡಲಿಲ್ಲ. ಪ್ಯಾಂಟನ್ನೂ ಬಿಡಲಿಲ್ಲ.

ಬೆಳಿಗ್ಗೆ ಒಪ್ಪಿದೆ. ಉದ್ದನೆಯ ಟಾಪ್ ಮೇಲಿರಲಿ ಅಂದೆ, ಅವಳೂ ಒಪ್ಪಿದಳು. ನಮ್ಮಂಥ ತಂದೆಯರು ಯೋಚಿಸಬೇಕಾದ್ದು ಇಷ್ಟೇ: ನಮ್ಮ ಅಂಜಿಕೆ ಮಗಳಿಗಾಗಿಯೋ, ಚಹಾ ಅಂಗಡಿಯ ಬಾಯಿಗಳಿಗೋ?

ಬಳ್ಳಾರಿ ಬಸ್ ಸ್ಟ್ಯಾಂಡಿನಲ್ಲಿ ಯಾರೂ ತಿರುಗಿ ನೋಡಲಿಲ್ಲ. ಸುತ್ತಮುತ್ತ ನೋಡುತ್ತಿದ್ದವನು ನಾನೊಬ್ಬನೇ.

"ಅಪ್ಪಾ, ಚಹಾ ಕುಡಿಯೋಣ ಬಾ" ಅಂದಳು, ಕನ್ನಡದಲ್ಲಿ.