ಜಗಲಿಯ ಬೆಳಕಿನಲ್ಲಿ ಏಕವರ್ಣದ ಮುಖಚಿತ್ರ

ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿಸೀಮೆಯ ಹಳೆಯ ಹೆಂಚಿನ ಮನೆಗಳನ್ನು ಹೊಕ್ಕವರಿಗೆ, ನಡುಮನೆಯ ಗೋಡೆಯಿಂದ ನೆಟ್ಟ ದೃಷ್ಟಿಯಲ್ಲಿ ನೋಡುವ ಹಿರಿಯರ ಕಪ್ಪು ಬಿಳುಪಿನ ಭಾವಚಿತ್ರಗಳು ಪರಿಚಿತವೇ ಆಗಿವೆ. ವರ್ಷವರ್ಷವೂ ಮಳೆಗಾಲದ ತೇವ ಗಾಜಿನೊಳಕ್ಕೆ ನುಸುಳಿ, ಬೂಷ್ಟು ಹಿಡಿದು, ಒಂದು ಕಪೋಲವೋ ಪೇಟದ ಅಂಚೋ ಅಳಿಸಿಹೋದಾಗ, ಆ ಮುಖವನ್ನು ಪುನಃ ಕಾಗದದ ಮೇಲೆ ತರುವುದಕ್ಕೂ, ಎದುರಿಗೆ ಕುಳಿತ ಜೀವಂತ ಮುಖವೊಂದನ್ನು ಹೊಸದಾಗಿ ಬರೆಯುವುದಕ್ಕೂ, ಕಪ್ಪು, ಬಿಳಿ, ಬೂದಿ ಈ ಮೂರೇ ಛಾಯೆಗಳ ಪ್ಯಾಸ್ಟೆಲ್ ಕಡ್ಡಿಗಳಷ್ಟು ಯೋಗ್ಯವಾದ ಸಾಧನ ವಿರಳವೆಂದು ನನ್ನ ಎಣಿಕೆ.

ನುಣ್ಣಗೆ ಅರೆದ ವರ್ಣಚೂರ್ಣಕ್ಕೆ ಸೀಮೆಸುಣ್ಣವನ್ನೋ ಜೇಡಿಯನ್ನೋ ಬೆರೆಸಿ, ಅತ್ಯಲ್ಪವಾದ ಅಂಟಿನಿಂದ ಕಟ್ಟಿ ಒಣಗಿಸಿದ ಕಡ್ಡಿಯೇ ಪ್ಯಾಸ್ಟೆಲ್. ಮಕ್ಕಳು ಶಾಲೆಯಲ್ಲಿ ತಿಕ್ಕುವ ಎಣ್ಣೆಯ ಪ್ಯಾಸ್ಟೆಲ್ ಬೇರೆಯ ಜಾತಿ. ವೆನಿಸ್ಸಿನ ರೊಸಾಲ್ಬಾ ಕ್ಯಾರಿಯೆರಾ 1720ರಲ್ಲಿ ಪ್ಯಾರಿಸಿಗೆ ಬಂದು, ಈ ಪುಡಿಯಿಂದಲೇ ಮುಖಗಳನ್ನು ಬರೆದು ಅಲ್ಲಿಯ ರಾಜ ಅಕಾಡೆಮಿಯ ಸದಸ್ಯತ್ವವನ್ನು ಪಡೆದಳು. ನಮ್ಮ ದೇಶದಲ್ಲಿ ಅವನೀಂದ್ರನಾಥ ಠಾಕೂರರು ಗಿಲಾರ್ಡಿ ಎಂಬ ಇಟಲಿಯ ಗುರುವಿನಿಂದ ಪ್ಯಾಸ್ಟೆಲನ್ನು ಕಲಿತರು. ಆ ಅವನೀಂದ್ರರ ಶಿಷ್ಯರಾಗಿ ಮೈಸೂರು ಸಂಸ್ಥಾನದಿಂದ ಹೋದ ಕೆ. ವೆಂಕಟಪ್ಪನವರು (1886–1965) ಮುಂದೆ ಜಲವರ್ಣವನ್ನು ಹಿಡಿದು ಉದಕಮಂಡಲದ ಮಂಜನ್ನು ಚಿತ್ರಿಸಿದರು.

ಏಕವರ್ಣದ ಮುಖಚಿತ್ರಕ್ಕೆ ಬಿಳಿಯ ಕಾಗದ ಸಲ್ಲದು. ಮಧ್ಯಮ ಬೂದಿಯ, ಕೈಯಾಡಿಸಿದರೆ ತರಿತರಿಯೆನಿಸುವ ಕಾಗದವನ್ನು ಆರಿಸಿಕೊಳ್ಳಬೇಕು; ಏಕೆಂದರೆ ಪುಡಿ ನಿಲ್ಲುವುದು ಆ ತರಿಯ ಸಂದುಗಳಲ್ಲಿ. ಇನ್ನೊಂದು ಕಾರಣ ಇದಕ್ಕಿಂತ ಗಹನವಾದುದು. ಬಿಸಿಲಲ್ಲಿ ಕಾಫಿ ಕುಯ್ಯುವ, ಕಣದಲ್ಲಿ ಹಣ್ಣು ಹರವುವ ನಮ್ಮ ಜನರ ಮೈಬಣ್ಣ ಕಪ್ಪು ಬಿಳುಪಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ಆ ಬೂದಿಯ ನೆಲೆಯಲ್ಲಿಯೇ ಇರುತ್ತದೆ. ಆದುದರಿಂದ ಬಹುಭಾಗ ಕಾಗದವನ್ನು ಹಾಗೆಯೇ ಬಿಟ್ಟರೆ ಚರ್ಮ ತಾನಾಗಿ ಮೂಡುತ್ತದೆ. ಸುಂದರವಾಗಿ ಕಾಣಲೆಂದು ಇಡೀ ಮುಖಕ್ಕೆ ಬಿಳಿ ಬಳಿಯುವವರನ್ನು ಕಂಡರೆ ನನಗೆ ವ್ಯಥೆಯಾಗುತ್ತದೆ. ಬಿಳಿಯ ಕಡ್ಡಿ ಬೆಳಕಿಗೆ ಮೀಸಲು, ಮೈಬಣ್ಣಕ್ಕಲ್ಲ. ಹಣೆಯ ಉಬ್ಬು, ಮೂಗಿನ ತುದಿ, ಕೆನ್ನೆಯೆಲುಬಿನ ಮೇಲ್ಭಾಗ, ಕೆಳದುಟಿಯ ತೇವ, ಕಣ್ಣಿನ ಮಿನುಗು, ಇವಿಷ್ಟಕ್ಕೆ ಅದು ಸಾಕು. ಕಣ್ಣಿನ ಬಿಳಿಯ ಭಾಗವೂ ನಿಜವಾಗಿ ಬಿಳಿಯಲ್ಲ; ರೆಪ್ಪೆಯ ನೆರಳು ಆ ಗೋಳದ ಮೇಲೆ ಬೀಳುವುದರಿಂದ ಅದು ಬೂದಿಯೇ. ಬಿಳಿಯನ್ನು ಕರಿಯೊಡನೆ ತಿಕ್ಕಿ ಬೆರೆಸಿದರೆ ನೀಲಿಗೆ ತಿರುಗಿದ ತಣ್ಣನೆಯ ಬೂದಿಯೊಂದು ಹುಟ್ಟಿ ಮುಖಕ್ಕೆ ಹೆಣದ ಕಳೆಯನ್ನು ತರುತ್ತದೆ. ಎರಡರ ನಡುವೆ ಕಾಗದದ ಪಟ್ಟಿಯೊಂದು ಉಳಿದಿರತಕ್ಕದ್ದು.

ಬರೆಯುವುದಕ್ಕೆ ಮುನ್ನ ಕಣ್ಣನ್ನು ಅರೆಮುಚ್ಚಿ ನೋಡಬೇಕು. ಆಗ ರೆಪ್ಪೆಗೂದಲು, ಸುಕ್ಕು, ಮೂಗುಬೊಟ್ಟುಗಳೆಲ್ಲ ಕರಗಿ ನೆರಳಿನ ಎರಡು ಮೂರು ದೊಡ್ಡ ಆಕೃತಿಗಳಷ್ಟೇ ಉಳಿಯುತ್ತವೆ. ಹೋಲಿಕೆ ಕೂಡುವುದು ಅವುಗಳಲ್ಲಿಯೇ. ಕಡ್ಡಿಯನ್ನು ಅಡ್ಡಲಾಗಿ ಹಿಡಿದು ಅವನ್ನು ಮೊದಲು ಹಾಸಿ, ಬೆರಳಿನಿಂದಲೋ ಕಾಗದವನ್ನು ಬಿಗಿಯಾಗಿ ಸುತ್ತಿದ ಬತ್ತಿಯಿಂದಲೋ ಅಂಚನ್ನು ಮೃದುಗೊಳಿಸಿ, ಸೂಕ್ಷ್ಮವಾದುದನ್ನು ಕಡೆಗೆ ಇಡಬೇಕು. ಇಂತಹ ಅಭ್ಯಾಸಕ್ಕೆ ಮಲೆನಾಡಿನ ಜಗಲಿಗಿಂತ ಉತ್ತಮವಾದ ಚಿತ್ರಶಾಲೆಯನ್ನು ನಾನು ಕಾಣೆ. ತಗ್ಗಾಗಿ ಇಳಿದ ಮಾಡು ಆಕಾಶದ ನೇರ ಪ್ರಕಾಶವನ್ನು ತಡೆದು ಅಂಗಳದ ಕಡೆಯಿಂದ ಮಾತ್ರ ಬೆಳಕನ್ನು ಬಿಡುವುದರಿಂದ, ಅಲ್ಲಿ ಕುಳಿತ ಅಜ್ಜಿಯ ಮುಖದ ಒಂದು ಪಾರ್ಶ್ವ ಬೆಳಗಿ ಮತ್ತೊಂದು ಮೆಲ್ಲಗೆ ಒಳಮನೆಯ ಕತ್ತಲೆಗೆ ಸೇರಿಕೊಳ್ಳುತ್ತದೆ.

ಆದರೆ ಇದೇ ಸೀಮೆಯ ಹವೆ ಈ ಕಲೆಗೆ ವೈರಿ. ಜೂನ್‌ನಿಂದ ಆರಂಭವಾಗುವ ಮಳೆಯಲ್ಲಿ ಕಾಗದ ತೇವವನ್ನು ಹೀರಿ ಮೆತ್ತಗಾಗಿ ಪುಡಿಯನ್ನು ಸರಿಯಾಗಿ ಹಿಡಿಯದು. ಬೆರಳಿನ ಬೆವರೂ ಕಲೆಯಾಗಿ ನಿಲ್ಲುತ್ತದೆ. ಕುಯ್ಲಿನ ಕಾಲದ ಒಣ ದಿನಗಳೇ ಪ್ರಶಸ್ತ. ಪುಡಿಯನ್ನು ಸ್ಥಿರಗೊಳಿಸುವ ದ್ರವವನ್ನು ಸಿಂಪಡಿಸಿದರೆ ಬಿಳಿ ಮಂಕಾಗುವುದರಿಂದ ಅದನ್ನು ಮಿತವಾಗಿ ಬಳಸಬೇಕು. ಉದುರಿದ ಧೂಳನ್ನು ಬಾಯಿಂದ ಊದಬಾರದು. ಎಂಜಲಿನ ಹನಿ ಬಿದ್ದ ಕಡೆ ಕಲೆ ನಿಲ್ಲುತ್ತದೆ, ಹಾರಿದ ಧೂಳು ಶ್ವಾಸಕೋಶವನ್ನು ಸೇರುತ್ತದೆ. ಹಲಗೆಯನ್ನು ನೆಟ್ಟಗೆ ನಿಲ್ಲಿಸಿ ಹಿಂದಿನಿಂದ ತಟ್ಟಿದರೆ ಸಾಕು. ಚೌಕಟ್ಟು ಹಾಕಿಸುವಾಗ ಗಾಜು ಚಿತ್ರವನ್ನು ತಾಕದಂತೆ ನಡುವೆ ದಪ್ಪ ರಟ್ಟಿನ ಅಂಚನ್ನು ಕೊಡಿಸಬೇಕು, ಹಿಂಬದಿಯ ಸಂದುಗಳನ್ನು ಕಾಗದದ ಪಟ್ಟಿಯಿಂದ ಮುಚ್ಚಿಸಬೇಕು, ಮಳೆಯ ಇರಚಲು ಹೊಡೆಯುವ ಹೊರಗೋಡೆಯನ್ನು ಬಿಟ್ಟು ಒಲೆಯ ಕಾವು ತಲಪುವ ಒಳಗೋಡೆಗೆ ತೂಗುಹಾಕಬೇಕು.