ಅಂಗಡಿಗೊಂದು ಅಂತರಜಾಲ ದೂರವಾಣಿ ವಿನಿಮಯ ಕೇಂದ್ರ: ಕರೆಯ ದಾರಿ ಮತ್ತು ಧ್ವನಿಯ ದಾರಿ

ಗದಗ-ಬೆಟಗೇರಿ ಅವಳಿ ನಗರದ ವ್ಯಾಪಾರ ಬಹುಮಟ್ಟಿಗೆ ಮಾತಿನ ಮೇಲೆ ನಡೆಯುವಂಥದು. ಮಾರುಕಟ್ಟೆ ಪ್ರಾಂಗಣದಲ್ಲಿ ಶೇಂಗಾ, ಹತ್ತಿ, ಹೆಸರು ಅಥವಾ ಒಣಮೆಣಸಿನಕಾಯಿಯ ಧಾರಣೆ ತಿಳಿದ ಕೂಡಲೇ ಲಕ್ಷ್ಮೇಶ್ವರದ ಅಡತಿ ಅಂಗಡಿಗೆ, ಮುಂಡರಗಿಯ ಗೋದಾಮಿಗೆ, ಶಿರಹಟ್ಟಿಯ ಖರೀದಿದಾರರಿಗೆ ಸುದ್ದಿ ಮುಟ್ಟಬೇಕು. ಬೆಟಗೇರಿಯ ಸೀರೆ ಉತ್ಪಾದಕರಿಗೆ ಪರಸ್ಥಳದ ಅಂಗಡಿಕಾರರ ಬೇಡಿಕೆ ಬರುವುದೂ ದೂರವಾಣಿಯಲ್ಲಿಯೇ. ಟ್ರಂಕ್ ಕಾಲ್ ಬುಕ್ ಮಾಡಿ ಕಾಯುತ್ತಿದ್ದ ಕಾಲ ಹೋಯಿತು. ಎಸ್‌ಟಿಡಿ ಬೂತಿನ ಕಾಲವೂ ಹೋಯಿತು. ಇಂದು ಪ್ರತಿಯೊಬ್ಬರ ಕೈಯಲ್ಲಿಯೂ ಮೊಬೈಲ್ ಇದೆ, ಕರೆಯ ವೆಚ್ಚ ದೊಡ್ಡ ಚಿಂತೆಯಾಗಿ ಉಳಿದಿಲ್ಲ.

ಆದರೆ ಹೊಸದೊಂದು ತೊಂದರೆ ತಲೆದೋರಿದೆ. ಗಿರಾಕಿಯ ಬಳಿ ಇರುವುದು ಅಂಗಡಿಯ ನಂಬರಲ್ಲ, ಗುಮಾಸ್ತನ ಸ್ವಂತ ಮೊಬೈಲ್ ನಂಬರು. ಗುಮಾಸ್ತ ಕೆಲಸ ಬಿಟ್ಟ ದಿನ ಹತ್ತು ವರ್ಷದ ಗಿರಾಕಿಗಳ ಸಂಪರ್ಕವೂ ಅವನೊಡನೆ ಹೋಗುತ್ತದೆ. ಒಬ್ಬರು ಮಾತನಾಡುತ್ತಿರುವಾಗ ಬಂದ ಇನ್ನೊಂದು ಕರೆ ವ್ಯರ್ಥವಾಗುತ್ತದೆ. ಯಾರು ಯಾವ ದರಕ್ಕೆ ಮಾತು ಕೊಟ್ಟರೆಂಬುದಕ್ಕೆ ದಾಖಲೆ ಉಳಿಯುವುದಿಲ್ಲ. ಈ ಕೊರತೆಗಳನ್ನು ನೀಗಿಸಲು ಸಣ್ಣ ವ್ಯಾಪಾರಸ್ಥರೂ ಸ್ಥಾಪಿಸಿಕೊಳ್ಳಬಹುದಾದ ವ್ಯವಸ್ಥೆಯೇ ಅಂತರಜಾಲ ದೂರವಾಣಿ ಸರ್ವರ್. ಅದರ ಕಾರ್ಯವಿಧಾನವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಕಿತ್ತೂರಿನಿಂದ ಇಲ್ಲಿಯವರೆಗೆ

1984ರಲ್ಲಿ ಸ್ಥಾಪನೆಗೊಂಡ ಸಿ-ಡಾಟ್ ಸಂಸ್ಥೆಯು ರೂಪಿಸಿದ 128 ಪೋರ್ಟ್‌ಗಳ ಗ್ರಾಮೀಣ ವಿನಿಮಯ ಕೇಂದ್ರವು 1986ರಲ್ಲಿ ನಮ್ಮದೇ ಸೀಮೆಯ ಕಿತ್ತೂರಿನಲ್ಲಿ ಕಾರ್ಯಾರಂಭ ಮಾಡಿತು. ಹವಾನಿಯಂತ್ರಣವಿಲ್ಲದೆ, ಧೂಳು ಮತ್ತು ಬಿಸಿಲನ್ನು ತಾಳಿಕೊಂಡು ನಡೆಯುವುದು ಅದರ ವೈಶಿಷ್ಟ್ಯವಾಗಿತ್ತು. ಅಂದು ಒಂದು ಊರಿಗೆ ಒಂದರಂತೆ ಬೇಕಾಗಿದ್ದ ವಿನಿಮಯ ಕೇಂದ್ರದ ಕೆಲಸವನ್ನು ಇಂದು ಮೇಜಿನ ಮೇಲಿನ ಸಣ್ಣ ಗಣಕಯಂತ್ರವೊಂದು ಮಾಡಬಲ್ಲದು. 1999ರಲ್ಲಿ ಅಮೆರಿಕದ ಮಾರ್ಕ್ ಸ್ಪೆನ್ಸರ್ ಆರಂಭಿಸಿದ ಆಸ್ಟೆರಿಸ್ಕ್ ಎಂಬ ಉಚಿತ ತಂತ್ರಾಂಶವೇ ಇದಕ್ಕೆ ಸಾಕಾಗುತ್ತದೆ. ಸಾವಿರಾರು ಫೋನುಗಳನ್ನು ನಿರ್ವಹಿಸುವ ಸಂಸ್ಥೆಗಳು ಕಮೈಲಿಯೊ ಮತ್ತು ಆರ್‌ಟಿಪಿ ಎಂಜಿನ್ ಎಂಬ ಎರಡು ತಂತ್ರಾಂಶಗಳನ್ನು ಜೋಡಿಸಿ ಬಳಸುತ್ತವೆ. ಮೊದಲನೆಯದು ಕರೆಗೆ ದಾರಿ ತೋರಿಸುತ್ತದೆ, ಎರಡನೆಯದು ಧ್ವನಿಯನ್ನು ದಾಟಿಸುತ್ತದೆ. ಹತ್ತಿಪ್ಪತ್ತು ಫೋನುಗಳ ಅಂಗಡಿಗೆ ಆಸ್ಟೆರಿಸ್ಕ್ ಒಂದೇ ಎರಡೂ ಕೆಲಸಗಳನ್ನು ನಿರ್ವಹಿಸುತ್ತದೆ.

ಚೀಟಿ ಬೇರೆ, ಮಾಲು ಬೇರೆ

ಅಂತರಜಾಲ ದೂರವಾಣಿಯಲ್ಲಿ ಮೊದಲು ತಿಳಿಯಬೇಕಾದ ಸಂಗತಿಯೆಂದರೆ, ಪ್ರತಿಯೊಂದು ಕರೆಯೂ ಎರಡು ದಾರಿಗಳಲ್ಲಿ ಸಾಗುತ್ತದೆ. ಗಂಟೆ ಬಾರಿಸುವುದು, ಕರೆ ಎತ್ತಿಕೊಳ್ಳುವುದು, ಮುಗಿಸುವುದು ಇವೆಲ್ಲ ಸಂಕೇತಗಳು. ಇವು 2002ರಲ್ಲಿ ಇಂದಿನ ರೂಪ ಪಡೆದ ಸಿಪ್ ಎಂಬ ನಿಯಮಾವಳಿಯಂತೆ, ಸಾಮಾನ್ಯವಾಗಿ 5060ನೆಯ ಪೋರ್ಟಿನ ಮೂಲಕ ಹೋಗುತ್ತವೆ. ಮಾತು ಮಾತ್ರ ಆರ್‌ಟಿಪಿ ಎಂಬ ಬೇರೆ ನಿಯಮಾವಳಿಯಂತೆ, ಬೇರೆ ಪೋರ್ಟುಗಳಲ್ಲಿ ಹರಿಯುತ್ತದೆ.

ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ ಸಿಪ್ ಎಂಬುದು ಬೇಡಿಕೆಯ ಚೀಟಿ, ಆರ್‌ಟಿಪಿ ಎಂಬುದು ಮಾಲು ತುಂಬಿದ ಲಾರಿ. ಮಾಲನ್ನು ಯಾವ ಗೋದಾಮಿಗೆ ಇಳಿಸಬೇಕೆಂಬ ವಿಳಾಸವನ್ನು ಚೀಟಿಯ ಒಳಗೆ ಬರೆದಿರುತ್ತದೆ. ಚೀಟಿ ಸರಿಯಾಗಿ ಮುಟ್ಟಿದರೂ ಅದರೊಳಗಿನ ವಿಳಾಸ ತಪ್ಪಿದ್ದರೆ ಲಾರಿ ದಾರಿ ತಪ್ಪುತ್ತದೆ. ಹೊಸದಾಗಿ ಸ್ಥಾಪಿಸಿದವರು ಅನುಭವಿಸುವ ತೊಂದರೆಗಳಲ್ಲಿ ಹೆಚ್ಚಿನವು ಇದರಿಂದಲೇ ಉಂಟಾಗುತ್ತವೆ.

ಮೊದಲು ಕಾಗದದ ಮೇಲೆ ಯೋಜನೆ

ಯಂತ್ರವನ್ನು ಮುಟ್ಟುವ ಮೊದಲು ಸಂಖ್ಯೆಗಳ ಯೋಜನೆಯನ್ನು ಕಾಗದದ ಮೇಲೆ ಬರೆಯಬೇಕು. ಗದಗಿನಲ್ಲಿ ಮುಖ್ಯ ಕಚೇರಿ, ಬೆಟಗೇರಿಯಲ್ಲಿ ಮಾರಾಟ ಮಳಿಗೆ, ಲಕ್ಷ್ಮೇಶ್ವರ, ಮುಂಡರಗಿ ಮತ್ತು ಶಿರಹಟ್ಟಿಗಳಲ್ಲಿ ಶಾಖೆಗಳಿರುವ ಒಂದು ವ್ಯಾಪಾರ ಸಂಸ್ಥೆಯನ್ನು ಉದಾಹರಣೆಗೆ ಭಾವಿಸೋಣ. ಗದಗಕ್ಕೆ 100ರಿಂದ 199, ಬೆಟಗೇರಿಗೆ 200ರಿಂದ, ಲಕ್ಷ್ಮೇಶ್ವರಕ್ಕೆ 300ರಿಂದ, ಮುಂಡರಗಿಗೆ 400ರಿಂದ, ಶಿರಹಟ್ಟಿಗೆ 500ರಿಂದ ಎಂದು ಮೂರಂಕಿಯ ಒಳಸಂಖ್ಯೆಗಳನ್ನು ಹಂಚಬಹುದು. ಸಾರ್ವಜನಿಕ ಜಾಲದಲ್ಲಿ ಗದಗಿನ ಸಂಕೇತ 08372, ಮುಂಡರಗಿಯದು 08371, ಶಿರಹಟ್ಟಿ-ಲಕ್ಷ್ಮೇಶ್ವರಗಳದು 08487. ಒಳಜಾಲದಲ್ಲಿ ಇವುಗಳ ಗೊಡವೆಯೇ ಇಲ್ಲ. ಗದಗಿನ ಯಜಮಾನರು 401 ಒತ್ತಿದರೆ ಮುಂಡರಗಿಯ ಗೋದಾಮಿನ ಗಂಟೆ ಬಾರಿಸುತ್ತದೆ.

ಹೊರಗೆ ಹೋಗುವ ಕರೆಗಳ ನಿಯಮವೂ ಸರಳವೇ. ನಮ್ಮ ಜಿಲ್ಲೆಯ ಸ್ಥಿರ ದೂರವಾಣಿಗೆ ಸೊನ್ನೆ ಸೇರಿದ ಸಂಕೇತ ಮತ್ತು ಆರಂಕಿಯ ಸಂಖ್ಯೆ ಸೇರಿ 11 ಅಂಕಿಗಳಾಗುತ್ತವೆ. 2021ರ ಜನವರಿ 15ರಿಂದ ಸ್ಥಿರ ದೂರವಾಣಿಯಿಂದ ಮೊಬೈಲಿಗೆ ಕರೆಮಾಡುವಾಗಲೂ ಮೊದಲು ಸೊನ್ನೆ ಒತ್ತಬೇಕಾಗಿರುವುದರಿಂದ ಅದೂ 11 ಅಂಕಿಯೇ. ಆದ್ದರಿಂದ ಸರ್ವರಿಗೆ ಮೂರೇ ಮುಖ್ಯ ನಿಯಮಗಳು ಸಾಕು: ಮೂರಂಕಿಯ ಸಂಖ್ಯೆ ಒಳಗಿನದು, ಸೊನ್ನೆಯಿಂದ ಆರಂಭವಾಗಿ ಎರಡನೆಯ ಅಂಕಿ ಸೊನ್ನೆಯಾಗಿರದ 11 ಅಂಕಿಯ ಸಂಖ್ಯೆ ಹೊರಗಿನದು, ಎರಡು ಸೊನ್ನೆಗಳಿಂದ ಆರಂಭವಾಗುವುದು ವಿದೇಶದ್ದು, ಅದನ್ನು ತಡೆಯಬೇಕು. ತುರ್ತು ಸೇವೆಯ 112ನ್ನು ಮೊಬೈಲಿನಿಂದಲೇ ಕರೆಯುವಂತೆ ಸಿಬ್ಬಂದಿಗೆ ತಿಳಿಸಿರಬೇಕು, ಏಕೆಂದರೆ ಅಂತರಜಾಲ ಫೋನು ಯಾವ ಸ್ಥಳದಲ್ಲಿದೆಯೆಂಬುದು ತಾನಾಗಿ ತಿಳಿಯುವುದಿಲ್ಲ. ಈ ಸಂಖ್ಯೆಯೂ ಮೂರಂಕಿಯದೇ ಆದ್ದರಿಂದ 112ನ್ನು ಯಾವ ಒಳಫೋನಿಗೂ ಕೊಡಬಾರದು.

ಒಳಬರುವ ಕರೆಗಳ ದಾರಿಯೇ ವ್ಯಾಪಾರಕ್ಕೆ ಹೆಚ್ಚು ಮುಖ್ಯ. ಅಂಗಡಿಯ ಒಂದೇ ನಂಬರಿಗೆ ಬಂದ ಕರೆ ಮೊದಲು ಕಚೇರಿಯ ಮೂರು ಫೋನುಗಳಲ್ಲಿ ಏಕಕಾಲಕ್ಕೆ ಬಾರಿಸಲಿ. 20 ಸೆಕೆಂಡಿನಲ್ಲಿ ಯಾರೂ ಎತ್ತದಿದ್ದರೆ ವ್ಯವಸ್ಥಾಪಕರ ಮೊಬೈಲಿಗೆ ಹೋಗಲಿ. ರಾತ್ರಿ ಬಂದರೆ ಸಂದೇಶ ಮುದ್ರಿಸಿಕೊಳ್ಳಲಿ. ಹೀಗೆ ಕ್ರಮ ಹಾಕಿದರೆ ಗಿರಾಕಿಗೆ ಅಂಗಡಿಯ ನಂಬರಷ್ಟೇ ತಿಳಿದಿರುತ್ತದೆ. ಗುಮಾಸ್ತ ಬದಲಾದರೂ ನಂಬರು ಬದಲಾಗುವುದಿಲ್ಲ.

ಒಂದೇ ಕಡೆಯ ಮಾತು ಕೇಳುವುದೇಕೆ?

ವ್ಯವಸ್ಥೆ ಸಿದ್ಧವಾದ ಮೊದಲ ದಿನ ಮುಂಡರಗಿಯಿಂದ ಕರೆ ಬರುತ್ತದೆ, ಗಂಟೆ ಬಾರಿಸುತ್ತದೆ, ಎತ್ತಿದರೆ ಆ ಕಡೆಯ ಮಾತು ಕೇಳುತ್ತದೆ. ಈ ಕಡೆಯದು ಅವರಿಗೆ ಕೇಳುವುದಿಲ್ಲ. ಧಾರಣೆ ಹೇಳುವ ಹೊತ್ತಿನಲ್ಲಿ ಇಂಥ ಮೌನ ನಷ್ಟಕ್ಕೆ ದಾರಿ.

ಕಾರಣವಿಷ್ಟೇ. ಶಾಖೆಯ ರೂಟರ್ ತನ್ನೊಳಗಿನ ಫೋನುಗಳಿಗೆ 192.168.1.20 ಎಂಬಂಥ ಖಾಸಗಿ ವಿಳಾಸ ಕೊಟ್ಟಿರುತ್ತದೆ. ಆ ಗೋಡೆಯ ಹೊರಗೆ ಈ ವಿಳಾಸಕ್ಕೆ ಅರ್ಥವಿಲ್ಲ. ಫೋನು ಮಾತ್ರ ಚೀಟಿಯಲ್ಲಿ ಇದೇ ವಿಳಾಸವನ್ನು ಬರೆದು ಕಳುಹಿಸುತ್ತದೆ. ಊರಿನ ಹೆಸರಿಲ್ಲದೆ ‘ಹಿಂದಿನ ಓಣಿ, ಮೂರನೆಯ ಬಾಗಿಲು’ ಎಂದಷ್ಟೇ ಬರೆದ ಚೀಟಿಯಂತೆ ಇದು. ಗದಗಿನ ಲಾರಿ ಮುಂಡರಗಿಯನ್ನು ಮುಟ್ಟುವುದೇ ಇಲ್ಲ.

ಇದಕ್ಕೆ ಪರಿಹಾರವೇ ಮೀಡಿಯಾ ರಿಲೇ. ಸಾರ್ವಜನಿಕ ವಿಳಾಸವಿರುವ ಸರ್ವರ್ ನಡುವೆ ನಿಂತು, ಎರಡೂ ಚೀಟಿಗಳಲ್ಲಿನ ವಿಳಾಸವನ್ನು ಅಳಿಸಿ ತನ್ನ ವಿಳಾಸವನ್ನು ಬರೆಯುತ್ತದೆ. ಇಬ್ಬರೂ ಧ್ವನಿಯನ್ನು ಅದಕ್ಕೇ ಕಳುಹಿಸುತ್ತಾರೆ. ಮೊದಲ ಪೊಟ್ಟಣ ನಿಜವಾಗಿ ಯಾವ ವಿಳಾಸದಿಂದ ಬಂದಿತೆಂಬುದನ್ನು ನೋಡಿಕೊಂಡು, ಅದೇ ದಾರಿಯಲ್ಲಿ ಎದುರಿನವರ ಧ್ವನಿಯನ್ನು ಹಿಂದಿರುಗಿಸುತ್ತದೆ. ಮಾರುವವನೂ ಕೊಳ್ಳುವವನೂ ಪರಸ್ಪರರ ಮನೆ ಅರಿಯದಿದ್ದರೂ ದಲಾಲರ ಅಂಗಡಿಯಲ್ಲಿ ವ್ಯವಹಾರ ಕುದುರುವಂತೆ ಇದು.

ಆಸ್ಟೆರಿಸ್ಕ್‌ನಲ್ಲಿ ಇದಕ್ಕಾಗಿ ಮಾಡಬೇಕಾದ ಏರ್ಪಾಡುಗಳು ಇಂತಿವೆ:

1. ಸರ್ವರ್ ರೂಟರಿನ ಹಿಂದಿದ್ದರೆ, ಹೊರಗಿನ ಸಾರ್ವಜನಿಕ ವಿಳಾಸವನ್ನು ಸಂಕೇತ ಮತ್ತು ಧ್ವನಿ ಎರಡಕ್ಕೂ ನಮೂದಿಸಬೇಕು. ಕಚೇರಿಯ ಒಳಜಾಲ ಯಾವುದೆಂಬುದನ್ನೂ ತಿಳಿಸಬೇಕು.
2. ಶಾಖೆಗಳ ಫೋನುಗಳಿಗೆ ‘ಡೈರೆಕ್ಟ್ ಮೀಡಿಯಾ’ ಎಂಬುದನ್ನು ‘ಇಲ್ಲ’ ಎಂದು ಇಡಬೇಕು. ಆಗ ಧ್ವನಿ ಸರ್ವರಿನ ಮೂಲಕವೇ ಸಾಗುತ್ತದೆ.
3. ‘ಆರ್‌ಟಿಪಿ ಸಿಮೆಟ್ರಿಕ್’, ‘ಫೋರ್ಸ್ ಆರ್‌ಪೋರ್ಟ್’, ‘ರೀರೈಟ್ ಕಾಂಟ್ಯಾಕ್ಟ್’ ಈ ಮೂರನ್ನು ‘ಹೌದು’ ಎಂದು ಇಡಬೇಕು. ಬಂದ ದಾರಿಯಲ್ಲೇ ಉತ್ತರ ಕಳುಹಿಸಬೇಕೆಂಬುದು ಇವುಗಳ ತಾತ್ಪರ್ಯ.
4. ಧ್ವನಿಗೆ ನಿಗದಿಯಾದ ಪೋರ್ಟುಗಳು, ಉದಾಹರಣೆಗೆ 10000ದಿಂದ 20000, ರೂಟರಿನಲ್ಲಿಯೂ ತೆರೆದಿರಬೇಕು. ಒಂದು ಕರೆಗೆ ಸಾಮಾನ್ಯವಾಗಿ ನಾಲ್ಕು ಪೋರ್ಟುಗಳು ಬೇಕಾಗುವುದರಿಂದ ಸಣ್ಣ ಸಂಸ್ಥೆಗೆ ಇನ್ನೂ ಕಡಿಮೆ ಸಂಖ್ಯೆ ಸಾಕು. 100 ಪೋರ್ಟುಗಳಲ್ಲಿ 25 ಕರೆಗಳು ನಡೆಯುತ್ತವೆ.
5. ರೂಟರಿನಲ್ಲಿ ‘ಸಿಪ್ ಎಎಲ್‌ಜಿ’ ಎಂಬ ಸೌಲಭ್ಯವಿದ್ದರೆ ನಿಲ್ಲಿಸಬೇಕು. ಅದು ಸಹಾಯ ಮಾಡಹೋಗಿ ಚೀಟಿಯನ್ನು ಕೆಡಿಸುವುದೇ ಹೆಚ್ಚು.

ಹಳೆಯ ಪುಸ್ತಕಗಳಲ್ಲಿ ಕಾಣುವ ‘ಚಾನ್ ಸಿಪ್’ ಎಂಬ ವಿಭಾಗವನ್ನು 2023ರಲ್ಲಿ ಬಂದ ಆಸ್ಟೆರಿಸ್ಕ್ 21ನೆಯ ಆವೃತ್ತಿಯಿಂದ ತೆಗೆದುಹಾಕಲಾಗಿದೆ. ಈಗ ‘ಪಿಜೆಸಿಪ್’ ವಿಭಾಗವನ್ನೇ ಬಳಸಬೇಕು.

ಇನ್ನೊಂದು ಎಚ್ಚರಿಕೆ. ಸಣ್ಣ ಊರುಗಳ ಅಂತರಜಾಲ ಸೇವೆಯಲ್ಲಿ ಹಲವು ಗ್ರಾಹಕರು ಒಂದೇ ಸಾರ್ವಜನಿಕ ವಿಳಾಸವನ್ನು ಹಂಚಿಕೊಂಡಿರುವುದುಂಟು. ರೂಟರಿನ ಹೊರ ವಿಳಾಸ 100.64ರಿಂದ 100.127ರ ನಡುವೆ ಆರಂಭವಾಗುತ್ತಿದ್ದರೆ ಅದೇ ಗುರುತು. ಅಂಥ ಕಚೇರಿಯಲ್ಲಿ ಸರ್ವರ್ ಇಟ್ಟರೆ ಹೊರಗಿನಿಂದ ಯಾರೂ ಮುಟ್ಟಲಾರರು. ಸೇವಾದಾರರಿಂದ ಸ್ಥಿರವಾದ ಸಾರ್ವಜನಿಕ ವಿಳಾಸವನ್ನು ಪಡೆಯಬೇಕು, ಇಲ್ಲವೇ ಬಾಡಿಗೆ ಸರ್ವರಿನಲ್ಲಿ ಸ್ಥಾಪಿಸಬೇಕು.

ಲೆಕ್ಕವನ್ನು ಮೊದಲೇ ಹಾಕಬೇಕು

ಸ್ಪಷ್ಟವಾದ ಧ್ವನಿ ಕೊಡುವ ಜಿ.711 ಪದ್ಧತಿಯಲ್ಲಿ ಧ್ವನಿಗೆ ಸೆಕೆಂಡಿಗೆ 64 ಕಿಲೋಬಿಟ್ ಬೇಕು. ಸೆಕೆಂಡಿಗೆ 50 ಪೊಟ್ಟಣಗಳಾಗಿ ಕಟ್ಟಿ ಕಳುಹಿಸುವಾಗ ವಿಳಾಸಪಟ್ಟಿಯ ಭಾರವೂ ಸೇರಿ ಅದು 80 ಕಿಲೋಬಿಟ್ ಆಗುತ್ತದೆ. ರಿಲೇ ಸರ್ವರಿಗೆ ಎರಡೂ ಕಡೆಯವರ ಧ್ವನಿ ಬಂದು ಹೋಗಬೇಕಾದ್ದರಿಂದ ಒಂದು ಕರೆಗೆ ಒಳಕ್ಕೆ 160, ಹೊರಕ್ಕೆ 160. ಏಕಕಾಲಕ್ಕೆ 10 ಕರೆಗಳಿದ್ದರೆ ಎರಡೂ ದಿಕ್ಕಿಗೆ 1.6 ಮೆಗಾಬಿಟ್ ಬೇಕಾಗುತ್ತದೆ. ಸಂಪರ್ಕ ಕೊಳ್ಳುವಾಗ ಇಳಿಸುವ ವೇಗವನ್ನಷ್ಟೇ ಕೇಳದೆ ಏರಿಸುವ ವೇಗವನ್ನೂ ಕೇಳಬೇಕಾದುದು ಇದರಿಂದಲೇ.

ಸಂಪರ್ಕ ದುರ್ಬಲವಾಗಿರುವ ಶಾಖೆಗೆ ಜಿ.729 ಪದ್ಧತಿ ಅನುಕೂಲ. ಅದಕ್ಕೆ ಕರೆಯೊಂದಕ್ಕೆ 24 ಕಿಲೋಬಿಟ್ ಸಾಕು. ಅದರ ಪೇಟೆಂಟುಗಳ ಅವಧಿ 2017ರಲ್ಲಿ ಮುಗಿದಿದೆ. ಆದರೆ ಒಂದು ಪದ್ಧತಿಯಿಂದ ಇನ್ನೊಂದಕ್ಕೆ ಪರಿವರ್ತಿಸುವ ಹೊರೆ ಸರ್ವರಿನ ಮೇಲೆ ಬೀಳುತ್ತದೆಂಬುದನ್ನು ಮರೆಯಬಾರದು.

ಧ್ವನಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಲುಪಲು 150 ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿಯದಿರುವುದು ಲೇಸೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಸಲಹೆಯಿದೆ. ಬಾಡಿಗೆ ಸರ್ವರನ್ನು ಪರದೇಶದಲ್ಲಿ ತೆಗೆದುಕೊಂಡರೆ ಗದಗದಿಂದ ಬೆಟಗೇರಿಗೆ ಆಡಿದ ಮಾತು ಸಮುದ್ರ ದಾಟಿ ಹಿಂದಿರುಗಬೇಕಾಗುತ್ತದೆ. ಭಾರತದೊಳಗಿನ ಸರ್ವರನ್ನೇ ಆರಿಸಬೇಕು. ಒಂದೇ ಕಟ್ಟಡದ ಫೋನುಗಳ ನಡುವೆ ರಿಲೇ ಬೇಕಿಲ್ಲ. ಕರೆಯನ್ನು ಮುದ್ರಿಸಿಕೊಳ್ಳಬೇಕಾದಾಗ ಮಾತ್ರ ಧ್ವನಿ ಸರ್ವರಿನ ಮೂಲಕ ಹೋಗಲೇಬೇಕು.

ಲಕ್ಷಣದಿಂದ ದೋಷ ಗುರುತಿಸುವುದು

ಗಂಟೆ ಬಾರಿಸಿಯೂ ಮಾತು ಕೇಳದಿದ್ದರೆ ದೋಷ ಧ್ವನಿಯ ದಾರಿಯಲ್ಲಿದೆ. ವಿಳಾಸ ಮತ್ತು ಪೋರ್ಟುಗಳನ್ನು ನೋಡಬೇಕು. ಪ್ರತಿ ಕರೆಯೂ ಸರಿಯಾಗಿ 32 ಸೆಕೆಂಡಿಗೆ ಕಡಿದರೆ, ಕರೆ ಎತ್ತಿದ್ದಕ್ಕೆ ಪ್ರತಿಯಾಗಿ ಬರಬೇಕಾದ ದೃಢೀಕರಣ ಸಂದೇಶ ತಲುಪುತ್ತಿಲ್ಲವೆಂದು ತಿಳಿಯಬೇಕು. ಹೊರಕರೆ ಹೋಗುತ್ತಿದ್ದು, ಸ್ವಲ್ಪ ಹೊತ್ತಿನ ಬಳಿಕ ಒಳಕರೆ ಬಾರದಿದ್ದರೆ ರೂಟರ್ ದಾರಿಯನ್ನು ಮುಚ್ಚಿದೆ ಎಂದರ್ಥ. ಕೆಲವು ರೂಟರುಗಳು ಅರ್ಧ ನಿಮಿಷದಲ್ಲಿಯೇ ಮುಚ್ಚುವುದರಿಂದ, 25 ಸೆಕೆಂಡಿಗೊಮ್ಮೆ ಸರ್ವರ್ ಮತ್ತು ಫೋನುಗಳ ನಡುವೆ ಜೀವಸೂಚಕ ಸಂದೇಶ ಹೋಗುವಂತೆ ಮಾಡಬೇಕು. ವಿದ್ಯುತ್ ಹೋದೊಡನೆ ಎಲ್ಲವೂ ನಿಂತರೆ ದೋಷ ತಂತ್ರಾಂಶದ್ದಲ್ಲ. ಸರ್ವರಿಗೆ ಮಾತ್ರವಲ್ಲ, ರೂಟರಿಗೂ ಫೋನುಗಳಿಗೂ ಯುಪಿಎಸ್ ಬೇಕು.

ಕಳ್ಳಕರೆಗಳ ಭಯ

ಅಂತರಜಾಲಕ್ಕೆ ತೆರೆದ 5060ನೆಯ ಪೋರ್ಟನ್ನು ಹುಡುಕಿ ಬರುವ ಸ್ವಯಂಚಾಲಿತ ಕಳ್ಳರಿಗೆ ಕೊರತೆಯಿಲ್ಲ. 101ನೆಯ ಫೋನಿಗೆ ಗುಪ್ತಪದವೂ 101 ಆಗಿದ್ದರೆ ಅದನ್ನು ಒಡೆಯಲು ಹೆಚ್ಚು ಹೊತ್ತು ಬೇಕಿಲ್ಲ. ಅನಂತರ ದುಬಾರಿ ವಿದೇಶಿ ಸಂಖ್ಯೆಗಳಿಗೆ ಕರೆಗಳು ಹೊರಡುತ್ತವೆ, ಅದೂ ಅಂಗಡಿ ಮುಚ್ಚಿರುವ ರಾತ್ರಿಯಲ್ಲಿ ಅಥವಾ ರಜೆಯ ದಿನ. ಬಿಲ್ಲು ಬರುವುದು ಅಂಗಡಿಯ ಹೆಸರಿಗೆ. ಪ್ರತಿ ಫೋನಿಗೂ ಬೇರೆ ಬೇರೆಯಾದ ಉದ್ದನೆಯ ಗುಪ್ತಪದ, ತಪ್ಪು ಗುಪ್ತಪದ ಕೊಟ್ಟವರ ವಿಳಾಸವನ್ನು ತಡೆಯುವ ‘ಫೇಲ್‌ಟುಬ್ಯಾನ್’ ತಂತ್ರಾಂಶ, ಶಾಖೆಗಳಿಗೆ ವಿಪಿಎನ್ ಮತ್ತು ವಿದೇಶಿ ಕರೆಗಳಿಗೆ ತಡೆ ಇವು ನಾಲ್ಕು ಬೀಗಗಳು. ಸೇವಾದಾರರಲ್ಲಿ ಮುಂಗಡ ಹಣ ಕಟ್ಟುವ ಪದ್ಧತಿಯಿದ್ದರೆ ಅದನ್ನೇ ಆರಿಸಿಕೊಳ್ಳುವುದು ಕ್ಷೇಮ. ಆಗ ನಷ್ಟವೂ ಕಟ್ಟಿದ ಹಣಕ್ಕೆ ಸೀಮಿತ.

ಕಾನೂನಿನ ಮಿತಿ

ಭಾರತದಲ್ಲಿ ಅಂತರಜಾಲ ದೂರವಾಣಿಗೆ ಸೀಮಿತವಾದ ಅನುಮತಿ ದೊರೆತದ್ದು 2002ರ ಏಪ್ರಿಲ್ 1ರಿಂದ. 2018ರ ಜೂನ್ ತಿಂಗಳಲ್ಲಿ ದೂರಸಂಪರ್ಕ ಇಲಾಖೆಯು ಪರವಾನಗಿ ನಿಯಮಗಳನ್ನು ತಿದ್ದಿ, ಪರವಾನಗಿ ಹೊಂದಿದ ಕಂಪನಿಗಳು ಬೇರೆಯವರ ಅಂತರಜಾಲ ಸಂಪರ್ಕದ ಮೇಲೆಯೂ ದೂರವಾಣಿ ಸೇವೆ ನೀಡಲು ದಾರಿ ಮಾಡಿತು. ಸಂಸ್ಥೆಯ ಒಳಗಿನ ಬಳಕೆ ಒಂದು ವಿಷಯ, ಸಾರ್ವಜನಿಕ ಜಾಲಕ್ಕೆ ಜೋಡಣೆ ಮತ್ತೊಂದು ವಿಷಯ. ಹೊರಗಿನ ಸಂಪರ್ಕವನ್ನು ಪರವಾನಗಿ ಪಡೆದ ಕಂಪನಿಯಿಂದಲೇ, ಸಂಸ್ಥೆಯ ದಾಖಲೆಗಳನ್ನು ಒದಗಿಸಿ, ‘ಸಿಪ್ ಟ್ರಂಕ್’ ರೂಪದಲ್ಲಿ ಪಡೆಯಬೇಕು. ಸಿಮ್ ಕಾರ್ಡುಗಳ ಪೆಟ್ಟಿಗೆಯನ್ನು ಇಟ್ಟು ಪರರ ಕರೆಗಳನ್ನು ದಾಟಿಸುವುದು ಅಪರಾಧ. ಅಗ್ಗದ ಆಮಿಷ ತೋರಿಸುವವರಿಂದ ದೂರವಿರಬೇಕು. ಕರೆಗಳನ್ನು ಮುದ್ರಿಸಿಕೊಳ್ಳುವುದಾದರೆ ಎದುರಿನವರಿಗೆ ಮೊದಲೇ ತಿಳಿಸುವುದು ವ್ಯಾಪಾರದ ಮರ್ಯಾದೆ.

ಆರಂಭಿಸುವುದು ಹೇಗೆ?

ಎಲ್ಲ ಶಾಖೆಗಳನ್ನೂ ಒಂದೇ ದಿನ ಬದಲಾಯಿಸುವ ಆತುರ ಬೇಡ. ಮೊದಲು ಕಚೇರಿಯೊಳಗೆ ಎರಡು ಫೋನುಗಳು, ಅನಂತರ ಒಂದು ಶಾಖೆ, ಎರಡೂ ಕಡೆಯ ಮಾತು ಸ್ಪಷ್ಟವಾಗಿ ಕೇಳಿದ ಮೇಲೆ ಹೊರಗಿನ ಟ್ರಂಕ್, ಕೊನೆಗೆ ಉಳಿದ ಶಾಖೆಗಳು ಎಂಬ ಕ್ರಮವನ್ನು ಅನುಸರಿಸಿದರೆ ದೋಷ ಎಲ್ಲಿದೆಯೆಂದು ಹುಡುಕುವುದು ಸುಲಭ. ಹೊಸದು ಒಂದು ತಿಂಗಳು ಸುಸೂತ್ರವಾಗಿ ನಡೆಯುವವರೆಗೆ ಹಳೆಯ ಸಂಪರ್ಕವನ್ನು ಬಿಡಬಾರದು. ಸರ್ವರಿನ ಏರ್ಪಾಡುಗಳ ಒಂದು ಪ್ರತಿ ಮತ್ತು ಗುಪ್ತಪದಗಳ ಪಟ್ಟಿ ಸ್ಥಾಪಿಸಿಕೊಟ್ಟ ತಂತ್ರಜ್ಞರಲ್ಲಿ ಮಾತ್ರವಲ್ಲ, ಯಜಮಾನರ ತಿಜೋರಿಯಲ್ಲಿಯೂ ಇರಬೇಕು. ಗಿರಾಕಿಗಳ ಸಂಪರ್ಕ ಗುಮಾಸ್ತನೊಡನೆ ಹೋಗಬಾರದೆಂದು ಹಾಕಿಕೊಂಡ ವ್ಯವಸ್ಥೆಯು ತಂತ್ರಜ್ಞನೊಡನೆ ಹೋಗುವಂತಾಗಬಾರದು.