ಮಕ್ಕಳ ವಾರ್ಡಿನ ಸಿಸ್ಟರ್‌ಗಳನ್ನು ಯಾರು ನೋಡಿಕೊಳ್ಳುತ್ತಾರೆ?

ನಮ್ಮ ಪಿಸಿಎಂಬಿ ತರಗತಿಯಲ್ಲಿ ಮುಂದೆ ಏನಾಗುತ್ತೀರಿ ಎಂದು ಕೇಳಿದರೆ ಅರ್ಧಕ್ಕಿಂತ ಹೆಚ್ಚು ಮಂದಿಯ ಉತ್ತರ ಆಸ್ಪತ್ರೆಗೆ ಸಂಬಂಧಿಸಿದ್ದೇ ಆಗಿರುತ್ತದೆ. ಎಂಬಿಬಿಎಸ್, ಬಿಎಸ್ಸಿ ನರ್ಸಿಂಗ್, ಫಿಸಿಯೋಥೆರಪಿ, ಲ್ಯಾಬ್ ಟೆಕ್ನಾಲಜಿ. ನೀಟ್‌ನಲ್ಲಿ ಎಷ್ಟು ಅಂಕ ಬೇಕು, ಸೀಟಿಗೆ ಎಷ್ಟು ಫೀಸು ಎಂದು ಊಟದ ಬಿಡುವಿನಲ್ಲೂ ಲೆಕ್ಕ ಹಾಕುತ್ತೇವೆ. ಆ ಕೆಲಸ ಮಾಡುವವರ ಮನಸ್ಸಿಗೆ ಏನಾಗುತ್ತದೆ ಎಂಬ ಮಾತು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ನನ್ನ ಖಾಲಾನ ಮಗಳು, ನಾವೆಲ್ಲ ಆಪಾ ಎಂದು ಕರೆಯುವವರು, ಆರು ವರ್ಷಗಳಿಂದ ಮಕ್ಕಳ ಕ್ಯಾನ್ಸರ್ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿದ್ದಾರೆ. ಅವರಿಂದ ಕೇಳಿದ್ದು, ಆಮೇಲೆ ಓದಿ ತಿಳಿದದ್ದು ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ಮಕ್ಕಳ ಕ್ಯಾನ್ಸರ್ ವಾರ್ಡ್ ಎಂದರೆ ಸಾವಿನ ವಾರ್ಡ್ ಅಲ್ಲ. ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ಶೇ. 80ಕ್ಕಿಂತ ಹೆಚ್ಚು ಮಂದಿ ಗುಣವಾಗುತ್ತಾರೆ. ಬಡ ಮತ್ತು ಮಧ್ಯಮ ಆದಾಯದ ಅನೇಕ ದೇಶಗಳಲ್ಲಿ ಈ ಪ್ರಮಾಣ ಶೇ. 30ಕ್ಕಿಂತ ಕಡಿಮೆ. ಇದನ್ನು 2030ರೊಳಗೆ ಜಗತ್ತಿನಾದ್ಯಂತ ಕನಿಷ್ಠ ಶೇ. 60ಕ್ಕೆ ಏರಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಗುರಿ ಇಟ್ಟುಕೊಂಡಿತು. ಅಂದರೆ ಕೈಯಲ್ಲಿ ಔಷಧಿ ಇದೆ, ಗೆಲ್ಲುವ ದಾರಿ ಗೊತ್ತಿದೆ. ಸೋತಾಗ ನೋವು ಹೆಚ್ಚಾಗುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಕಾರಣ ಕಾಲ. ಮಕ್ಕಳಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ರಕ್ತದ್ದು, ಅದರಲ್ಲೂ ಎಎಲ್‌ಎಲ್ ಎಂಬ ಬಗೆ. ಅದರ ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ. ಅಷ್ಟು ದಿನದಲ್ಲಿ ಸಿಸ್ಟರ್‌ಗೆ ಆ ಮಗುವಿನ ಯಾವ ಕೈಯಲ್ಲಿ ನರ ಸುಲಭವಾಗಿ ಸಿಗುತ್ತದೆ ಎಂಬುದು ಗೊತ್ತಿರುತ್ತದೆ. ಯಾವ ಕಾರ್ಟೂನ್ ಹಾಕಿದರೆ ಸೂಜಿ ಚುಚ್ಚಿಸಿಕೊಳ್ಳುತ್ತದೆ, ತಂಗಿಯ ಹೆಸರೇನು, ಅಪ್ಪ ಊರಿಗೆ ಹೋಗಿ ಎಷ್ಟು ದಿನವಾಯಿತು ಎಂಬುದೂ ಗೊತ್ತಿರುತ್ತದೆ. ಆಪಾನನ್ನು ನೋಡಿದರೆ ಮಾತ್ರ ಊಟ ಮಾಡುವ ಮಗುವೊಂದಿತ್ತಂತೆ. ಇಂಥ ಮಗು ಹೋದಾಗ ಸಿಸ್ಟರ್‌ಗೆ ಆಗುವುದು ಕೆಲಸದ ದಣಿವಲ್ಲ, ದುಃಖ. ಆದರೆ ಅವರು ಆ ಮಗುವಿಗೆ ತಾಯಿಯೂ ಅಲ್ಲ, ಚಿಕ್ಕಮ್ಮನೂ ಅಲ್ಲ. ಅವರ ಮನೆಗೆ ಯಾರೂ ಸಾಂತ್ವನ ಹೇಳಲು ಬರುವುದಿಲ್ಲ, ರಜೆ ಕೇಳಲು ಅರ್ಜಿಯಲ್ಲಿ ಬರೆಯುವಂಥ ಕಾರಣವೂ ಇಲ್ಲ. ಸ್ವಲ್ಪ ಹೊತ್ತಿನಲ್ಲೇ ಹಾಸಿಗೆ ಒರೆಸಿ, ಹೊಸ ಬೆಡ್‌ಶೀಟ್ ಹಾಸಿ, ಮುಂದಿನ ಮಗುವನ್ನು ಮಲಗಿಸಬೇಕು. ಆ ಮಗುವಿಗೆ ನಗುಮುಖವನ್ನೇ ತೋರಿಸಬೇಕು.

ಹೀಗೆ ನುಂಗಿದ್ದು ಏನಾಗುತ್ತದೆ ಎಂಬುದಕ್ಕೆ ವಿದ್ವಾಂಸರು ಬೇರೆ ಬೇರೆ ಹೆಸರು ಕೊಟ್ಟಿದ್ದಾರೆ. ಬರ್ನೌಟ್ ಎಂಬ ಮಾತು ನಮಗೆಲ್ಲ ಪರಿಚಿತ. ಪರೀಕ್ಷೆಯ ಹೊತ್ತಿಗೆ ನಾವೂ ಧಾರಾಳವಾಗಿ ಬಳಸುತ್ತೇವೆ. ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ 1974ರಲ್ಲಿ ಉಚಿತ ಚಿಕಿತ್ಸಾಲಯಗಳ ಸಿಬ್ಬಂದಿಯ ಬಗ್ಗೆ ಬರೆಯುತ್ತಾ ಅದನ್ನು ಬಳಸಿದರು. ಆಮೇಲೆ ಕ್ರಿಸ್ಟಿನಾ ಮಾಸ್ಲಾಕ್ ಅದರ ಮೂರು ಲಕ್ಷಣಗಳನ್ನು ಗುರುತಿಸಿದರು: ಮನಸ್ಸು ಬರಿದಾಗುವುದು, ಎದುರಿನವರನ್ನು ಮನುಷ್ಯರಂತೆ ಕಾಣದೆ ‘ಆರನೇ ಬೆಡ್’ ಎಂದಷ್ಟೇ ಕಾಣುವುದು, ತಾನು ಮಾಡಿದ್ದರಿಂದ ಏನೂ ಆಗಲಿಲ್ಲ ಎನಿಸುವುದು. ಬರ್ನೌಟ್ ಒಂದು ಕಾಯಿಲೆಯಲ್ಲ, ಕೆಲಸದ ಜಾಗದಿಂದ ಹುಟ್ಟುವ ಸ್ಥಿತಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ 2019ರಲ್ಲಿ ಹೇಳಿತು. ಈ ಮಾತು ಮುಖ್ಯ. ಕೊರತೆ ಇರುವುದು ಕೆಲಸದ ಜಾಗದಲ್ಲಾದರೆ ಸರಿಪಡಿಸಬೇಕಾದದ್ದೂ ಅದನ್ನೇ ತಾನೇ?

ನನಗೆ ಹೆಚ್ಚು ಅರ್ಥವಾದದ್ದು ಮತ್ತೊಂದು ಪದ: ನೈತಿಕ ಸಂಕಟ. ಆಂಡ್ರ್ಯೂ ಜೇಮ್ಟನ್ ಎಂಬವರು 1984ರಲ್ಲಿ ನರ್ಸ್‌ಗಳ ಬಗ್ಗೆ ಬರೆದ ಪುಸ್ತಕದಲ್ಲಿ ಇದನ್ನು ವಿವರಿಸಿದರು. ಸರಿಯಾದದ್ದು ಯಾವುದೆಂದು ಗೊತ್ತಿದೆ, ಆದರೆ ಅದನ್ನು ಮಾಡಲು ವ್ಯವಸ್ಥೆ ಬಿಡುವುದಿಲ್ಲ. ಇನ್ನು ಪ್ರಯೋಜನವಿಲ್ಲ ಎಂದು ತಿಳಿದ ಮೇಲೂ ಮಗುವಿಗೆ ಮತ್ತೆ ಕ್ಯಾನುಲಾ ಹಾಕಬೇಕಾಗುತ್ತದೆ. ಅಥವಾ ಗುಣವಾಗುವ ಮಗುವನ್ನೇ ದುಡ್ಡಿಲ್ಲವೆಂದು, ಊರು ದೂರವೆಂದು ತಂದೆತಾಯಿ ಅರ್ಧಕ್ಕೇ ಕರೆದುಕೊಂಡು ಹೋಗುತ್ತಾರೆ. ಸತ್ತ ಮಕ್ಕಳಿಗಿಂತ ಹೀಗೆ ಹೊರಟುಹೋದ ಮಕ್ಕಳೇ ರಾತ್ರಿ ಹೆಚ್ಚು ನೆನಪಾಗುತ್ತಾರೆ ಎಂದು ಆಪಾ ಹೇಳಿದರು.

ನಮ್ಮವರು ಇಂಥ ಹೊತ್ತಿನಲ್ಲಿ ಥಟ್ಟನೆ ‘ಸಬ್ರ್ ಮಾಡಮ್ಮ’ ಎನ್ನುತ್ತಾರೆ. ಒಳ್ಳೆಯ ಮಾತೇ. ಆದರೆ ಎಷ್ಟೋ ಸಲ ಅದರ ಅರ್ಥ ‘ಸುಮ್ಮನಿರು’ ಎಂದಾಗಿರುತ್ತದೆ. ಪ್ರವಾದಿ ಮುಹಮ್ಮದ್ (ಸ) ಅವರ ಪುಟ್ಟ ಮಗ ಇಬ್ರಾಹೀಮ್ ಕೊನೆಯುಸಿರೆಳೆಯುತ್ತಿದ್ದಾಗ ಅವರ ಕಣ್ಣಲ್ಲಿ ನೀರು ಹರಿಯಿತು. ನೀವೂ ಅಳುತ್ತೀರಾ ಎಂದು ಅಬ್ದುರ್ರಹ್ಮಾನ್ ಬಿನ್ ಔಫ್ ಆಶ್ಚರ್ಯದಿಂದ ಕೇಳಿದಾಗ, ಇದು ಕರುಣೆ ಎಂದು ಉತ್ತರಿಸಿದರು. ಈ ಹದೀಸ್ ನಮ್ಮಲ್ಲಿ ಬಹಳ ಮಂದಿಗೆ ಗೊತ್ತು. ಸಹನೆಗೂ ಕಣ್ಣೀರಿಗೂ ಜಗಳವಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಆಧಾರ ಯಾವುದು ಬೇಕು? ಆದರೂ ಸಿಸ್ಟರ್ ಅತ್ತರೆ ‘ಇವರೇ ಹೀಗಾದರೆ ಹೇಗೆ’ ಎನ್ನುವವರು ಇದ್ದೇ ಇರುತ್ತಾರೆ.

ಹಾಗಾದರೆ ಏನು ಮಾಡಬಹುದು? ಕೆಲವು ಆಸ್ಪತ್ರೆಗಳು ಮಾಡಿ ನೋಡಿದ ಕ್ರಮಗಳಿವೆ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ತುರ್ತು ಚಿಕಿತ್ಸಾ ವಿಭಾಗದ ನರ್ಸ್ ಆಗಿದ್ದ ಜೊನಾಥನ್ ಬಾರ್ಟೆಲ್ಸ್ ಒಂದು ಸರಳ ರೂಢಿ ಶುರು ಮಾಡಿದರು. ರೋಗಿ ತೀರಿಕೊಂಡ ಕೂಡಲೇ ಯಾರೂ ಕೋಣೆಯಿಂದ ಓಡುವುದಿಲ್ಲ. ಒಬ್ಬರು ಎರಡು ಮಾತಲ್ಲಿ ಆ ಜೀವವನ್ನೂ ಅದನ್ನು ಉಳಿಸಲು ದುಡಿದವರನ್ನೂ ನೆನೆಯುತ್ತಾರೆ. ಆಮೇಲೆ ಸುಮಾರು ಒಂದು ನಿಮಿಷ ಎಲ್ಲರೂ ಸುಮ್ಮನೆ ನಿಲ್ಲುತ್ತಾರೆ. ಮೌನವಾದ್ದರಿಂದ ಒಬ್ಬರು ದುಆ ಮಾಡಬಹುದು, ಇನ್ನೊಬ್ಬರು ತಮ್ಮ ದೇವರನ್ನು ನೆನೆಯಬಹುದು, ದೇವರನ್ನು ನಂಬದವರು ಸುಮ್ಮನೆ ಉಸಿರಾಡಬಹುದು. ‘ದ ಪಾಸ್’ ಎಂದು ಕರೆಯುವ ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಇನ್ನೊಂದು ಶ್ವಾರ್ಟ್ಸ್ ರೌಂಡ್ಸ್. ಬಾಸ್ಟನ್ನಿನ ವಕೀಲ ಕೆನೆತ್ ಶ್ವಾರ್ಟ್ಸ್ ಶ್ವಾಸಕೋಶದ ಕ್ಯಾನ್ಸರಿನಿಂದ 1995ರಲ್ಲಿ ತೀರಿಕೊಂಡರು. ಔಷಧಿಗಿಂತಲೂ ಆಸ್ಪತ್ರೆಯವರ ಸಣ್ಣಪುಟ್ಟ ಅಕ್ಕರೆ ತನ್ನನ್ನು ಹಿಡಿದು ನಿಲ್ಲಿಸಿತು ಎಂದು ಅವರಿಗೆ ಅನಿಸಿತ್ತು. ಅವರ ಹೆಸರಿನ ಸಂಸ್ಥೆ ಆರಂಭಿಸಿದ ಈ ಸಭೆಗಳಲ್ಲಿ ಡಾಕ್ಟರ್, ನರ್ಸ್, ಕ್ಲರ್ಕ್ ಎಲ್ಲರೂ ಸುಮಾರು ಒಂದು ಗಂಟೆ ಒಟ್ಟಿಗೆ ಕೂರುತ್ತಾರೆ. ಚಿಕಿತ್ಸೆ ಸರಿಯಿತ್ತೇ ತಪ್ಪಿತ್ತೇ ಎಂಬ ಚರ್ಚೆ ಅಲ್ಲಿ ಇಲ್ಲ. ಆ ರೋಗಿಯನ್ನು ನೋಡಿಕೊಂಡಾಗ ನಮಗೆ ಏನಾಯಿತು ಎಂಬ ಮಾತು ಮಾತ್ರ. ದೊಡ್ಡ ಡಾಕ್ಟರ್ ಒಬ್ಬರು ‘ನನಗೂ ಅಂದು ನಿದ್ದೆ ಬರಲಿಲ್ಲ’ ಎಂದು ಎಲ್ಲರೆದುರು ಹೇಳಿದರೆ, ಮೊದಲ ವರ್ಷದ ಸಿಸ್ಟರ್‌ಗೆ ತಾನೊಬ್ಬಳೇ ದುರ್ಬಲಳಲ್ಲ ಎಂದು ತಿಳಿಯುತ್ತದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ 2011ರಿಂದ ಬೇರೊಂದು ಏರ್ಪಾಡಿದೆ. ತರಬೇತಿ ಪಡೆದ ಸಹೋದ್ಯೋಗಿಗಳೇ ಹಗಲೂ ರಾತ್ರಿ ಕರೆಗೆ ಸಿಗುತ್ತಾರೆ, ಕೇಳಿದ್ದನ್ನು ಗುಟ್ಟಾಗಿ ಇಡುತ್ತಾರೆ.

ಒಂದು ಎಚ್ಚರಿಕೆ ಬೇಕು. ಆಘಾತವಾದ ಕೂಡಲೇ ಎಲ್ಲರನ್ನೂ ಒಮ್ಮೆ ಕೂರಿಸಿ ‘ನಡೆದದ್ದನ್ನೆಲ್ಲ ಹೇಳಿ’ ಎಂದರೆ ಒಳ್ಳೆಯದಾಗುತ್ತದೆ ಎಂದು ಹಿಂದೆ ನಂಬಿದ್ದರು. ಅಂಥ ಒಂದೇ ಸಲದ ಬೈಠಕ್‌ನಿಂದ ಮುಂದಿನ ಮಾನಸಿಕ ತೊಂದರೆ ತಪ್ಪುವುದಿಲ್ಲ, ಕೆಲವರಿಗೆ ಕೆಡುಕೂ ಆಗಬಹುದು ಎಂದು 2002ರ ಕಾಕ್ರೇನ್ ಪರಿಶೀಲನೆ ತೋರಿಸಿತು. ಆದ್ದರಿಂದ ಬಾಗಿಲು ತೆರೆದಿರಬೇಕು, ಯಾರನ್ನೂ ಒಳಗೆ ಎಳೆಯಬಾರದು. ವರ್ಷಕ್ಕೊಮ್ಮೆ ನರ್ಸಸ್ ದಿನದಂದು ಕೇಕ್ ಕತ್ತರಿಸಿ, ‘ಒತ್ತಡ ನಿರ್ವಹಣೆ’ ಎಂದು ಒಂದು ಉಪನ್ಯಾಸ ಇಡಿಸುವುದೂ ಸಾಲದು. ಅದೂ ನೈಟ್ ಡ್ಯೂಟಿ ಮುಗಿಸಿದವರನ್ನು ಮನೆಗೆ ಬಿಡದೆ! ಮಗು ತೀರಿಕೊಂಡ ದಿನ ಅದೇ ಸಿಸ್ಟರ್‌ಗೆ ಹೊಸ ಅಡ್ಮಿಷನ್ ಕೊಡದಿರುವುದು, ಹತ್ತು ನಿಮಿಷ ಬೇರೊಬ್ಬರು ಅವರ ರೋಗಿಗಳನ್ನು ನೋಡಿಕೊಳ್ಳುವುದು, ಸತತ ನೈಟ್ ಹಾಕದಿರುವುದು — ನನ್ನ ಲೆಕ್ಕದಲ್ಲಿ ಇವು ಯಾವ ಉಪನ್ಯಾಸಕ್ಕಿಂತಲೂ ಮೇಲು. ಆದರೆ ಇದಕ್ಕೆ ಸಿಬ್ಬಂದಿ ಸಾಕಷ್ಟು ಇರಬೇಕು. ಕೊರತೆಯ ವಾರ್ಡಿನಲ್ಲಿ ಕರುಣೆಗೂ ಪುರುಸೊತ್ತಿರುವುದಿಲ್ಲ.

ಯಾವ ಪಟ್ಟಿಯಲ್ಲೂ ಸೇರದವರು ಆಯಾಗಳು. ಮಗುವಿನ ವಾಂತಿ ಒರೆಸಿದವರು, ಕೊನೆಗೆ ಮೈ ಒರೆಸಿ ಬಟ್ಟೆ ಸುತ್ತಿದವರು ಅವರೇ. ಆಪಾ ಕೆಲಸ ಮಾಡುವ ಕಡೆ ಆಯಾಗಳು ಗುತ್ತಿಗೆಯವರು. ಸಿಬ್ಬಂದಿ ಸಭೆಗೆ ಅವರನ್ನು ಕರೆಯುವುದಿಲ್ಲ.

ಮಾತಾಡಲು ಯಾರೂ ಸಿಗದವರಿಗೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ. ಸಂಖ್ಯೆ 14416, ಹಗಲೂ ರಾತ್ರಿ, ಉಚಿತ, ಕನ್ನಡದಲ್ಲೂ ಮಾತಾಡಬಹುದು. ಆಸ್ಪತ್ರೆಯವರಿಗೆ ಮಾತ್ರವಲ್ಲ, ಪರೀಕ್ಷೆಯ ಭಯದಲ್ಲಿರುವ ನಮಗೂ ಅದೇ ಸಂಖ್ಯೆ.

ಕೊನೆಗೆ, ನಮ್ಮಲ್ಲಿ ಈದ್‌ಗೋ ಮಕ್ಕಳ ದಿನಾಚರಣೆಗೋ ಮಕ್ಕಳ ವಾರ್ಡಿಗೆ ಹೋಗಬೇಕೆಂದು ಪ್ರತಿ ವರ್ಷ ಯಾರಾದರೂ ಹೇಳುತ್ತಾರೆ. ಹೋಗುವುದಾದರೆ ಮೊದಲು ಇನ್‌ಚಾರ್ಜ್ ಸಿಸ್ಟರನ್ನು ಕೇಳಿ ಸಮಯ ಗೊತ್ತು ಮಾಡಿಕೊಳ್ಳೋಣ. ಡ್ಯೂಟಿ ಬದಲಾಗುವ ಹೊತ್ತು ಬೇಡವೇ ಬೇಡ. ಕೀಮೋ ಪಡೆಯುವ ಮಕ್ಕಳಿಗೆ ಸೋಂಕು ಬೇಗ ತಗಲುತ್ತದೆ, ಆದ್ದರಿಂದ ಹೊರಗಿನ ತಿಂಡಿ ಬೇಡ, ಶೀತ ಕೆಮ್ಮು ಇದ್ದವರೂ ಬೇಡ, ಮಕ್ಕಳ ಫೋಟೋವೂ ಬೇಡ. ಅದಕ್ಕಿಂತ ಉಪಯೋಗದ ಕೆಲಸ ಪ್ಲೇಟ್‌ಲೆಟ್ ದಾನ. ಪ್ಲೇಟ್‌ಲೆಟ್ ಐದು ದಿನಕ್ಕಿಂತ ಹೆಚ್ಚು ಉಳಿಯುವುದಿಲ್ಲ. ಸಿಗದಿದ್ದಾಗ ರಾತ್ರಿ ಹತ್ತು ಕಡೆ ಫೋನ್ ಮಾಡುತ್ತಾ ಕೂರುವವರು ಇದೇ ವಾರ್ಡಿನವರು. ದಾನಕ್ಕೆ 18 ತುಂಬಿರಬೇಕಾದ್ದರಿಂದ ನಮ್ಮಲ್ಲಿ ಹೆಚ್ಚಿನವರು ಇನ್ನೂ ಕಾಯಬೇಕು. ನಮ್ಮ ಉಪನ್ಯಾಸಕರಿಗೆ ಆ ಅಡ್ಡಿ ಇಲ್ಲ.